ಬೀಗರ ರುಮಾಲು ಮತ್ತು ನನ್ನ ನರಮಂಡಲ

ನಮ್ಮ ಕಡೆ ನರ ಎಂಬ ಮಾತಿಗೆ ಕೆಲಸ ಬಹಳ. ರಕ್ತನಾಳವೂ ನರ, ಮೀನಖಂಡ ಹಿಡಿದುಕೊಂಡರೂ ನರ, ಮನುಷ್ಯ ಸಿಡುಕಿದರೆ ಅದೂ ನರವೇ. ರಾವೂರಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದ ನಾನು ಈ ಗೊಂದಲ ತಿದ್ದುವುದರಲ್ಲೇ ಆಯುಷ್ಯ ಕಳೆದೆ. ಆದರೆ ನನ್ನ ಮಾನ ಕಳೆದದ್ದು ನನ್ನ ನರಗಳೇ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅದೂ ಅವುಗಳದೇ ಕಾರುಬಾರು.

ರಾವೂರಿನ ಸುತ್ತ ಕಲ್ಲಿನ ಖಣಿಗಳು. ಬಂಡೆಗೆ ಮದ್ದು ಹಾರಿಸುವ ಮುನ್ನ ಎಚ್ಚರಿಕೆಯ ಭೋಂಗಾ ಮೂರು ಸಲ ಉದ್ದಕ್ಕೆ ಕೂಗುತ್ತಿತ್ತು. ಕೂಗಿದೊಡನೆ ಪಕ್ಕದವರ ತಲೆ ಅದುಮಿ ಆಸರೆಗೆ ನೂಕಬೇಕು, ಆಮೇಲೆ ತಾನು ಬಗ್ಗಬೇಕು. ಶಿಸ್ತಿನವನಾದ ನಾನು ಮನೆಯವರಿಗೂ ಇದನ್ನು ಕವಾಯತಿನಂತೆ ಕಲಿಸಿದ್ದೆ.

ಮಗಳು ಶಾಂತಾಳಿಗೆ ಚಿಂಚೋಳಿಯ ಸಂಬಂಧ ಬಂತು. ಹುಡುಗ ಅವಳ ಮನಸ್ಸಿಗೂ ಬಂದಿದ್ದ. ಆ ಊರಿನಲ್ಲೇ ಇದ್ದ ನನ್ನ ಅಕ್ಕನ ಮನೆಯಲ್ಲಿ ಹೆಣ್ಣು ತೋರಿಸುವ ಕಾರ್ಯ. ಮನೆ ಬಸ್ ನಿಲ್ದಾಣದ ಎದುರಿಗೇ. ಹುಡುಗನ ತಂದೆ ಬಸಣ್ಣನವರು ದೊಡ್ಡ ರುಮಾಲು ಸುತ್ತಿಕೊಂಡು ಮಂಚದ ಮೇಲೆ ನನ್ನ ಪಕ್ಕ ಕುಳಿತಿದ್ದರು. ಚಹಾ ಬರುವ ಹೊತ್ತಿಗೆ, ಹೊರಗೆ ತಾಂಡೂರಿನ ಬಸ್ಸಿನ ಡ್ರೈವರ್ ಜನರನ್ನು ಕರೆಯಲು ಹಾರ್ನ್ ಒತ್ತಿದ. ಉದ್ದಕ್ಕೆ, ಮೂರು ಸಲ.

ಬಿಸಿ ಹಂಚು ಮುಟ್ಟಿದರೆ ಬೆನ್ನುಹುರಿಯೇ ಕೈ ಎಳೆಸುತ್ತದೆ. ಮೆದುಳಿಗೆ ಸುದ್ದಿ ಆಮೇಲೆ. ಶಬ್ದದ ದಾರಿ ಬೇರೆ. ಅದು ಮೆದುಳಿನವರೆಗೆ ಹೋಗುತ್ತದೆ. ಆದರೆ ಮೈಗೂಡಿದ ಕೆಲಸವನ್ನು ಅಲ್ಲಿನ ಕೆಳಗಿನ ಅಂತಸ್ತಿನವರೇ ಮುಗಿಸಿಬಿಡುತ್ತಾರೆ, ಮೇಲಿನ ಬುದ್ಧಿವಂತರನ್ನು ಕೇಳುವುದಿಲ್ಲ. ನನ್ನ ಬುದ್ಧಿ ಎಚ್ಚರಾಗುವಷ್ಟರಲ್ಲಿ ಬೀಗರಾಗಬೇಕಾದವರು ಮಂಚದ ಕೆಳಗಿದ್ದರು. ರುಮಾಲು ಬಿಚ್ಚಿ ಚಹಾದಲ್ಲಿ ಬಿದ್ದಿತ್ತು.

ಹುಡುಗನ ತಾಯಿ ಎದ್ದು ನಿಂತರು. "ಖರೆ ಹೇಳ್ರಿ ಮಾಸ್ತರ, ನಿಮ್ಮ ಮನ್ಯಾಗ ನರದ ಬೀಮಾರಿ ಅದ ಏನ್ರಿ?"

ನಾನು ನರಕೋಶ, ನರತಂತು ಎಂದು ಪಾಠ ಶುರು ಮಾಡಿದೆ. ಅವರ ಮುಖ ಇನ್ನಷ್ಟು ಗಟ್ಟಿಯಾಯಿತು. ಅಷ್ಟರಲ್ಲಿ ಅಡುಗೆಮನೆಯಿಂದ ಹುಡುಗನ ತಂಗಿಯ ಕೂಗು: "ಅವ್ವಾ, ಈಕಿಗೂ ಅದ!" ಇಣುಕಿದರೆ ಶಾಂತಾ ಆ ಹುಡುಗಿಯನ್ನು ಮೂಲೆಗೆ ಅದುಮಿ, ಅವಳ ತಲೆಯ ಮೇಲೆ ಅವಲಕ್ಕಿಯ ಪರಾತ ಮುಚ್ಚಿ ಕುಳಿತಿದ್ದಾಳೆ. ಅವಲಕ್ಕಿ ಎಲ್ಲೆಡೆ.

ಸಂಬಂಧ ಹೋಯಿತೆಂದುಕೊಂಡೆ. ಮಗಳ ಕಣ್ಣು ನೋಡಲು ನಾಚಿಕೆಯಾಗಿ ನೆಲ ನೋಡಿದೆ. ಅವಳೇ ಸಣ್ಣ ದನಿಯಲ್ಲಿ ಭೋಂಗಾದ ವಿಷಯ ಹೇಳಿದಳು.

ಬಸಣ್ಣನವರು ಮಂಚದ ಕೆಳಗಿನಿಂದ ತೆವಳಿ ಬಂದು ರುಮಾಲು ಹಿಂಡಿದರು. "ಅಪ್ಪ-ಮಗಳು ಇಬ್ಬರೂ ತಮ್ಮ ತಲಿ ಬಿಟ್ಟು ನಮ್ಮ ತಲಿ ಮುಚ್ಚ್ಯಾರ, ನೋಡಿದೇನು?" ಎಂದರು ಹೆಂಡತಿಗೆ. "ಈ ಬೀಮಾರಿ ನಮ್ಮ ಮನಿಗಿ ಬರ್ಲಿ ಬಿಡು. ನಿನಗ ಹಾರ್ನ್ ಕೇಳಿದ್ರ ಬಾಗಿಲಿಗಿ ಓಡೋದೊಂದೇ ಗೊತ್ತು."

"ಹೌದ್ರಿ, ನೀವು ಭಾಳ ಶಾಣ್ಯಾರು!" ಎಂದರು ಆಕೆ, ನಗು ತಡೆಯಲಾರದೆ.

ಎಲ್ಲರೂ ನನ್ನನ್ನು ಹೊಗಳಿದರು. ನಾಚಿಕೆ ಆಗ ಇಮ್ಮಡಿಯಾಯಿತು. ತಲೆ ಕಾಯ್ದದ್ದು ನನ್ನ ಕೈ. ಓದಿದ ನನ್ನ ಬುದ್ಧಿ ಎಚ್ಚರಾದೊಡನೆ ಮಾಡಿದ್ದು ಒಂದೇ: ಕಾಲು ಜಾರಿ ಬೀಗರ ಮೇಲೆ ಬಿದ್ದೆನೆಂದು ಹೇಳಿದರೆ ನಂಬುತ್ತಾರೋ ಇಲ್ಲವೋ ಎಂಬ ಯೋಚನೆ.