ಪರಾತದ ನಡುವಿನ ಗೊದ್ದಗಳು

ನಮ್ಮ ಮನೆತನದಲ್ಲಿ ಡಿಗ್ರಿ ಆಗುವವನು ಹುಟ್ಟುವುದೇ ಇಲ್ಲ ಎಂದವರು ನನ್ನ ಸೋದರಮಾವ. ಒಂದು ಸಲ ಅಂದು ಸುಮ್ಮನಾಗಿದ್ದರೆ ನಾನೂ ಮರೆಯುತ್ತಿದ್ದೆ. ಚನ್ನಗಿರಿಯ ತಮ್ಮ ಅಡಿಕೆ ಮಂಡಿಯಲ್ಲಿ ಗಾದಿಯ ಮೇಲೆ ಕೂತು, ಅಡಿಕೆ ತಂದ ರೈತರ ಮುಂದೆ, ಗಾಡಿ ಹೊಡೆಯುವವರ ಮುಂದೆ, ಬೀಡಿಗೆ ಬೆಂಕಿ ಕೇಳಲು ಬಂದವರ ಮುಂದೆ ಕೂಡ ಅದನ್ನೇ ಹೇಳುತ್ತಿದ್ದರು:

"ಇವನು ಬಿ.ಎಸ್ಸಿ. ಆಗೋದೂ ಒಂದೇ, ಗೊದ್ದ ಹಾಲು ಕೊಡೋದೂ ಒಂದೇ."

ಗೊದ್ದದ ಮಾತು ಗಾದೆಯಂತೆ ಕೇಳಿಸಿದರೂ ಗಾದೆಯಲ್ಲ. ನಾನು ನಿಜವಾಗಿಯೂ ಗೊದ್ದ ಸಾಕುತ್ತಿದ್ದೆ. ಬೇರೆಯವರು ಪಾರಿವಾಳ ಸಾಕುತ್ತಿದ್ದರು, ಟಗರು ಸಾಕುತ್ತಿದ್ದರು. ನನ್ನ ಮನಸ್ಸು ಆ ದೊಡ್ಡ ಕರಿ ಇರುವೆಯ ಮೇಲೆ ಹೋಯಿತು.

ಶುರುವಾದದ್ದು ಹೊನ್ನಾಳಿಯ ಮಿಡ್ಲ್ ಸ್ಕೂಲಿನಲ್ಲಿ. ನಮ್ಮದು ನ್ಯಾಮತಿ ಪಕ್ಕದ ಹಳ್ಳಿ. ಅಪ್ಪ ಹೊಲದಲ್ಲಿ ನೇಗಿಲು, ಸರ್ಕಾರಿ ಕಾಗದದ ಮೇಲೆ ಹೆಬ್ಬೆಟ್ಟು ಬಿಟ್ಟು ಬೇರೆ ಏನನ್ನೂ ಊರಿದವರಲ್ಲ. ನಾನು ಹೊನ್ನಾಳಿಯಲ್ಲಿ ನೆಂಟರ ಮನೆಯಲ್ಲಿದ್ದು ಓದುತ್ತಿದ್ದೆ. ನಮ್ಮ ಕ್ಲಾಸಿನ ಕಿಟಕಿಯ ಕೆಳಗೆ ದಿನಾ ಬೆಳಿಗ್ಗೆ ಸಣ್ಣ ಗುಡ್ಡೆ ಮರದ ಹೊಟ್ಟು ಬಿದ್ದಿರುತ್ತಿತ್ತು. ರಾತ್ರಿ ಯಾರೋ ಬಡಗಿ ಬಂದು ಕೆಲಸ ಮಾಡಿ ಹೋದ ಹಾಗೆ. ಕಸ ಗುಡಿಸುವ ಸರದಿ ನನ್ನದಾದಾಗ ಬಗ್ಗಿ ನೋಡಿದೆ. ಚೌಕಟ್ಟಿನ ಬಿರುಕಿನಿಂದ ಒಂದೊಂದೇ ಗೊದ್ದ ಬಂದು, ಬಾಯಲ್ಲಿದ್ದ ಹೊಟ್ಟನ್ನು ಕೆಳಗೆ ಬೀಳಿಸಿ, ಮತ್ತೆ ಒಳಗೆ ಹೋಗುತ್ತಿತ್ತು. ಗೆದ್ದಲು ಮರವನ್ನು ತಿನ್ನುತ್ತದೆ. ಗೊದ್ದ ತಿನ್ನುವುದಿಲ್ಲ, ಕೊರೆದು ಕೋಣೆ ಮಾಡಿಕೊಂಡು ಕಸವನ್ನು ಹೊರಗೆ ಚೆಲ್ಲುತ್ತದೆ. ನಾನು ಚೆಲ್ಲಬೇಕಾದ ಕಸವನ್ನು ನನ್ನಷ್ಟೇ ಬೇಸರದಿಂದ ಚೆಲ್ಲುವ ಇನ್ನೊಂದು ಜೀವ ಕಂಡು ಸ್ನೇಹವಾಯಿತು ಎನ್ನಬೇಕು.

ಶಾಲೆಯವರು ಚೌಕಟ್ಟು ಕಿತ್ತು ಸುಡಲು ಹೊರಟ ದಿನ, ಅದರ ಒಂದು ತುಂಡನ್ನು ಟವಲಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡು ನ್ಯಾಮತಿ ಕಡೆಗೆ ಗಾಡಿ ಹತ್ತಿದೆ. ಟವಲಿನ ಗಂಟು ಗಟ್ಟಿಯಾಗಿತ್ತು, ನೇಯ್ಗೆ ಗಟ್ಟಿಯಾಗಿರಲಿಲ್ಲ. ಊರು ಮುಟ್ಟುವವರೆಗೆ, ಗೊದ್ದ ಕಚ್ಚಿ ನಾನು ಕುಣಿಯುವುದನ್ನು ಕಂಡು ಗಾಡಿಯಲ್ಲಿದ್ದವರೆಲ್ಲ ನನ್ನ ಮೈಮೇಲೆ ದೇವರು ಬಂದಿದೆ ಎಂದುಕೊಂಡು ಜಾಗ ಬಿಟ್ಟು ಕೂತಿದ್ದರು.

ಮುಂದಿನ ಓದಿಗೆ ಚನ್ನಗಿರಿಯ ಮಾವನ ಮನೆ ಸೇರಿದಾಗ ನನ್ನ ಟ್ರಂಕಿನ ಜೊತೆಗೆ ಒಂದು ಟೊಳ್ಳು ಕೊರಡೂ ಬಂತು. ಅದರಲ್ಲಿ ಒಂದು ಇಡೀ ಸಂಸಾರವಿತ್ತು: ರೆಕ್ಕೆ ಕಳಚಿಕೊಂಡ ದಪ್ಪ ತಾಯಿ, ದೊಡ್ಡ ತಲೆಯ ಕಾವಲಿನವು, ಸಣ್ಣ ಕೆಲಸದವು, ಅಕ್ಕಿಕಾಳಿನಂಥ ಮರಿಗಳು. ಅವು ಮನೆಯೆಲ್ಲ ಹರಿದಾಡದಂತೆ ಏನು ಮಾಡುವುದು? ಅತ್ತೆ ಬೆಲ್ಲದ ಗಡಿಗೆಯನ್ನು ನೀರು ತುಂಬಿದ ತಟ್ಟೆಯ ನಡುವೆ ಇಡುತ್ತಿದ್ದುದನ್ನು ನೋಡಿದ್ದೆ. ಅಟ್ಟದ ಮೇಲಿದ್ದ ಒಂದು ಹಳೆಯ ಹಿತ್ತಾಳೆ ಪರಾತವನ್ನು, ಅಂಚು ತಗ್ಗಾದ ಅಗಲ ತಟ್ಟೆಯನ್ನು, ಇಳಿಸಿ, ನೀರು ತುಂಬಿ, ನಡುವೆ ಕಲ್ಲಿಟ್ಟು, ಕಲ್ಲಿನ ಮೇಲೆ ಕೊರಡು ಕೂರಿಸಿದೆ. ಪಡಸಾಲೆಯ ಮೂಲೆಯಲ್ಲಿ ಅದೊಂದು ದ್ವೀಪ. ಊರಲ್ಲೆಲ್ಲ ಇರುವೆ ಬರದಿರಲಿ ಎಂದು ಬೆಲ್ಲವನ್ನು ನೀರಲ್ಲಿಟ್ಟರೆ, ಈ ಮನೆಯಲ್ಲಿ ಇರುವೆಯನ್ನೇ ನೀರಲ್ಲಿಟ್ಟು ಬೆಲ್ಲವನ್ನು ಹೊರಗೆ ಬಿಟ್ಟಿದ್ದಾರೆ ಎಂದು ಅತ್ತೆ ನೆರೆಯವರಿಗೆ ಹೇಳಿ ನಗುತ್ತಿದ್ದರು.

ಅತ್ತೆ ನಗದೇ ಇದ್ದದ್ದು ಊಟದ ವಿಷಯಕ್ಕೆ. ಮರಿಗಳು ಬೆಳೆಯುವಾಗ ಗೊದ್ದಕ್ಕೆ ಬರೀ ಸಿಹಿ ಸಾಲದು, ಸತ್ತ ಜಿರಲೆ, ಮಿಡತೆ ಬೇಕು. ಒಂದು ದಿನ ನಾನು ಜಿರಲೆಯ ಮೀಸೆ ಹಿಡಿದು ಪಡಸಾಲೆ ದಾಟುವಾಗ ಅವರು ಎದುರಾದರು.

"ಲಿಂಗ ಕಟ್ಟಿದೋರ ಮನೆಯಾಗೆ ಇದೇನೋ ಅಡುಗೆ? ಬೆಲ್ಲ ಹಾಕು, ತಿನ್ನಾಕೆ ಕಲೀತಾವೆ."

ಆಮೇಲೆ ಊಟ ಬಡಿಸುವುದು ಹಿತ್ತಲ ಕಡೆಯಿಂದ, ಅತ್ತೆ ಪೂಜೆಗೆ ಕೂತ ಹೊತ್ತಿನಲ್ಲಿ ಎಂದಾಯಿತು.

ಮಾವನಿಗೂ ಒಮ್ಮೆ ಬುದ್ಧಿ ಹೇಳಲು ಹೋದೆ. ಅವರೆ ಗಿಡದ ಕುಡಿಗೆ ಮುತ್ತಿದ ಹೇನುಗಳನ್ನು ಗೊದ್ದಗಳು ಮೀಸೆಯಿಂದ ಸವರಿ ಸಿಹಿರಸ ಕುಡಿಯುತ್ತವೆ, ನಾವು ಹಸು ಕರೆದ ಹಾಗೆ, ಆದ್ದರಿಂದ ಗೊದ್ದಕ್ಕೂ ಹಾಲಿಗೂ ಸಂಬಂಧವಿದೆ ಎಂದೆ. ಮಾವ ವ್ಯಾಪಾರಸ್ಥರು. ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಯೋಚಿಸಿ, ಹಾಗಾದರೆ ಅವು ಹಾಲು ಕರೆಯುತ್ತವೆ, ಕೊಡುವುದಿಲ್ಲ, ನನ್ನ ಮಾತು ಹಾಗೇ ಇದೆ ಎಂದರು.

ಶಿವಮೊಗ್ಗದಲ್ಲಿ ಇಂಟರ್‌ಮೀಡಿಯೇಟ್ ಮುಗಿಸಿ ಬಂದ ಬೇಸಿಗೆಯಲ್ಲಿ ಎಲ್ಲವೂ ಒಂದು ಗಂಟಿಗೆ ಬಂದು ನಿಂತಿತು. ನನಗೆ ಬೆಂಗಳೂರಿಗೆ ಹೋಗಿ ಪ್ರಾಣಿಶಾಸ್ತ್ರ ಓದಬೇಕು. ಮಾವನಿಗೆ ಗಂಡುಮಕ್ಕಳಿಲ್ಲ, ಮಂಡಿಯ ಗಾದಿಯ ಮೇಲೆ ನಾನು ಕೂರಬೇಕು. ಅದಕ್ಕೆ ಅವರು ಕಂಡುಕೊಂಡ ದಾರಿ ಮದುವೆ. ಜಗಳೂರಿನ ಒಂದು ಒಳ್ಳೆಯ ಮನೆತನದ ಹುಡುಗಿ. ಮದುವೆಯಾದವನು ಬೆಂಗಳೂರಿಗೆ ಓದಲು ಹೋದದ್ದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಅಪ್ಪನನ್ನು ಕೇಳಿದರೆ, ಅನ್ನ ಹಾಕಿದವರ ಮಾತು ಮೀರಬಾರದು ಎಂದರು. ಅಲ್ಲಿಗೆ ನನ್ನ ಕಡೆ ಯಾರೂ ಉಳಿಯಲಿಲ್ಲ, ಪರಾತದ ನಡುವಿನವರನ್ನು ಬಿಟ್ಟರೆ.

ಹೆಣ್ಣಿನ ಕಡೆಯವರು ಮನೆ ನೋಡಲು ಬಂದರು. ಮುಂಗಾರು ಆಗಷ್ಟೇ ಒಂದು ಸುತ್ತು ಬಿದ್ದಿತ್ತು. ಬಂದವರಲ್ಲಿ ಮಾತು ನಡೆಯುತ್ತಿದ್ದುದು ಹುಡುಗಿಯ ಅಜ್ಜಿಯದು ಎಂದು ಗಾಡಿ ಇಳಿಯುವಾಗಲೇ ತಿಳಿಯಿತು. ಎಲ್ಲರೂ ಇಳಿದು ನಿಂತರೂ ಅವರು ಇಳಿಯುವ ತನಕ ಯಾರೂ ಹೆಜ್ಜೆ ಇಡಲಿಲ್ಲ. ಜೊತೆಗೆ ಅವರ ಮನೆಯ ಗುರುಗಳಾದ ಅಯ್ಯನವರೂ ಬಂದಿದ್ದರು. ಅಯ್ಯನವರು ಬಂದ ಮೇಲೆ ಪಾದಪೂಜೆ ಆಗಬೇಕು. ಪಾದಪೂಜೆಗೆ ಅಗಲವಾದ ಪರಾತ ಬೇಕು. ಮನೆಯಲ್ಲಿದ್ದ ಪರಾತಗಳಲ್ಲೆಲ್ಲ ಹೋಳಿಗೆ, ಕೋಸಂಬರಿ ತುಂಬಿ ಕೂತಿದ್ದವು.

ನಾನು ಬಾಳೆಎಲೆ ತರಲು ಹೋಗಿದ್ದೆ. ತಿರುಗಿ ಬಂದಾಗ ಪಡಸಾಲೆಯಲ್ಲಿ ಅಯ್ಯನವರು ಪಾದ ಇಟ್ಟುಕೊಂಡು ಕೂತಿದ್ದ ಪರಾತ ಹುಣಸೆಹಣ್ಣಿನಲ್ಲಿ ಉಜ್ಜಿಸಿಕೊಂಡು ಥಳಥಳ ಹೊಳೆಯುತ್ತಿತ್ತು. ಅಂಚಿನ ತಗ್ಗು ನೋಡಿ ಗುರುತು ಹಿಡಿದೆ. ಮೂಲೆಗೆ ನೋಡಿದೆ. ಅತ್ತೆ ಅವಸರದಲ್ಲಿ ಕೊರಡನ್ನು ಹಾಸುಗಲ್ಲಿನ ಮೇಲೆ ದೊಪ್ಪೆಂದು ಇಟ್ಟುಬಿಟ್ಟಿದ್ದರು. ಒಳಗಿನವರಿಗೆ ಭೂಕಂಪವೇ ಆಗಿರಬೇಕು. ಎಲ್ಲ ಬಾಗಿಲುಗಳಿಂದಲೂ ಗೊದ್ದಗಳು ಕರ್ರಗೆ ಹೊರಬರುತ್ತಿದ್ದವು, ಬಾಯಲ್ಲಿ ಬಿಳಿ ಮರಿಗಳನ್ನು ಕಚ್ಚಿಕೊಂಡು.

ಪೂಜೆ ಮುಗಿದು, ನಾನು ತಂದ ಎಲೆ ಹಾಕಿ ಜನ ಕೂತರು. ಬೀಗರಾಗಬೇಕಾದವರ ಹೋಳಿಗೆಯ ಮೇಲೆ ಮೊದಲ ಗೊದ್ದ ಹತ್ತಿತು. ಆಮೇಲೆ ಕೋಸಂಬರಿ, ಆಮೇಲೆ ಪಂಚೆ. ಸಾಲಾಗಿ ಕೂತಿದ್ದವರು ಒಬ್ಬೊಬ್ಬರಾಗಿ ಕಾಲು ಮೇಲೆತ್ತಿಕೊಂಡರು. ಈ ಸಂಬಂಧ ಇಲ್ಲಿಗೆ ಮುರಿಯಿತು, ನಾನು ಬೆಂಗಳೂರಿನ ರೈಲು ಹತ್ತಿದ ಹಾಗೆಯೇ ಎಂದು ನನಗೆ ಒಳಗೊಳಗೇ ಹಿಗ್ಗು. ಮಾವ ಪೊರಕೆ ಹಿಡಿದು ಬಂದರು.

ಅಜ್ಜಿ ಕೈ ಅಡ್ಡ ಮಾಡಿದರು.

"ಪೊರಕೆ ಕೆಳಗಿಡ್ರಿ ಬೀಗ್ರೆ. ಕರಿಗೊದ್ದ ಮನೆಯಾಗೆ ಬರೋದು ಅಂದ್ರೆ ಲಕ್ಷ್ಮಿ ಬಂದಂಗೆ. ಅದೂ ಮರಿ ಹೊತ್ಕಂಡು. ನಮ್ಮ ಜಗಳೂರಾಗೆ ಇದನ್ನ ನೋಡಾಕೆ ಮಳೆಗಾಲ ಪೂರ್ತಿ ಕಾಯ್ತೀವಿ."

ಎಂದವರೇ ಕೈಮುಗಿದರು. ಅವರು ಮುಗಿದ ಮೇಲೆ ಮಿಕ್ಕವರೂ, ಕಾಲು ಮೇಲೆತ್ತಿಕೊಂಡೇ, ಮುಗಿದರು. ನನ್ನ ಹಿಗ್ಗು ಅಲ್ಲೇ ಇಳಿಯಿತು. ಮುರಿಯಬೇಕಿದ್ದ ಸಂಬಂಧಕ್ಕೆ ನನ್ನ ಗೊದ್ದಗಳೇ ಅಕ್ಷತೆ ಹಾಕಿದ್ದವು.

ಮಾವನ ಮುಖ ನೋಡಬೇಕಿತ್ತು. ಅಷ್ಟು ವರ್ಷ ಹಾಳು ಹುಳ ಎಂದು ಬಯ್ದವರು ಪೊರಕೆಯನ್ನು ಬೆನ್ನ ಹಿಂದೆ ಸರಿಸಿ, ಲಕ್ಷ್ಮಿ ತಾನಾಗಿಯೇ ಬಂದಿದ್ದಾಳೆ, ಬರುವ ಶ್ರಾವಣದಲ್ಲೇ ಮುಹೂರ್ತ ಇಟ್ಟುಬಿಡೋಣ ಎಂದರು. ಹುಡುಗನಿಗೆ ಬೇರೆ ಯೋಚನೆ ಏನಾದರೂ ಇದೆಯೇ ಎಂದು ಅಜ್ಜಿ ಕೇಳಿದರು. ಮಾವ ನಗುತ್ತ ತಮ್ಮ ಹಾಲಿನ ಮಾತನ್ನು ಅವರಿಗೂ ಹೇಳಿದರು. ಅಜ್ಜಿ ನಗಲಿಲ್ಲ. ನನ್ನನ್ನು ಒಮ್ಮೆ ನೋಡಿದರು, ಗೊದ್ದಗಳನ್ನು ಒಮ್ಮೆ ನೋಡಿದರು.

"ಲಕ್ಷ್ಮಿ ಬಂದಾಳೋ ಹೊಂಟಾಳೋ ನೋಡಾನ, ತಡೀರಿ. ಮರಿ ತಗಂಡು ದೇವರ ಕೋಣೆಗೆ ಹೋದ್ರೆ ಲಗ್ನ ಈಗ್ಲೇ. ಹೊಸಿಲು ದಾಟಿದ್ರೆ ಹುಡುಗನೂ ಹೊರಗೆ ಹೋಗಿ ಓದು ಮುಗಿಸ್ಕಂಡು ಬರ್ಲಿ, ನಮ್ಮ ಹುಡುಗಿ ಕಾಯ್ತಾಳೆ."

ದೇವರ ಮೇಲೆ ಹೂವಿಟ್ಟು, ಬಲಕ್ಕೆ ಬಿದ್ದರೆ ಒಂದು, ಎಡಕ್ಕೆ ಬಿದ್ದರೆ ಒಂದು ಎಂದು ಅಪ್ಪಣೆ ಕೇಳುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಅಯ್ಯನವರೂ ತಲೆ ಆಡಿಸಿದರು. ಬಡಿಸಿದ ಎಲೆಗಳನ್ನು ಮುಂದಿಟ್ಟುಕೊಂಡು ಅಷ್ಟೂ ಜನ ಗೊದ್ದಗಳ ಅಪ್ಪಣೆಗೆ ಕಾದು ಕೂತರು.

ಮಾವ ನನ್ನ ಪಕ್ಕಕ್ಕೆ ಸರಿದು ಕಿವಿಯಲ್ಲಿ, "ಲೇ, ಎತ್ತಾಗೆ ಹೋಗ್ತಾವಲೇ?" ಎಂದರು.

"ದೇವರ ಇಚ್ಛೆ ಮಾವ," ಎಂದೆ.

ನನಗೆ ಗೊತ್ತಿತ್ತು, ಬಹಳಮಟ್ಟಿಗೆ. ಗೂಡು ಅಲುಗಿದಾಗ ಅವು ಮರಿಗಳನ್ನು ಕತ್ತಲು, ತಂಪು ಇರುವ ಕಡೆ ಸಾಗಿಸುತ್ತವೆ. ದೇವರ ಕೋಣೆಯಲ್ಲಿ ಅವತ್ತು ದೀಪದ ಬೆಳಕು, ಲೋಬಾನದ ಹೊಗೆ. ಹೊಸಿಲ ಆಚೆ ಜಗುಲಿಯ ಕೆಳಗೆ, ಇನ್ನೊಂದು ಸಂಸಾರಕ್ಕೆಂದು ನಾನು ತಂದಿಟ್ಟಿದ್ದ ನುಗ್ಗೆಯ ಬೊಡ್ಡೆ, ಹಿಂದಿನ ದಿನದ ಮಳೆಗೆ ನೆಂದಿತ್ತು.

ಮಾವ ಒಳಗೆ ಹೋದರು. ಬರುವಾಗ ಒಂದು ಮುಷ್ಟಿ ಬಿಗಿಯಾಗಿತ್ತು. ಅದು ಯುದ್ಧದ ಕಾಲ, ಸಕ್ಕರೆ ರೇಷನ್ನಿನಲ್ಲಿ ಸಿಗುತ್ತಿದ್ದದ್ದು. ಅತ್ತೆ ಅದನ್ನು ಬಂಗಾರದಂತೆ ಬೀಗ ಹಾಕಿ ಇಟ್ಟಿದ್ದರು. ಮಾವ ದೇವರಿಗೆ ಅಡ್ಡಬೀಳುವವರಂತೆ ಬಗ್ಗಿ, ಗೊದ್ದಗಳ ಸಾಲಿನಿಂದ ದೇವರ ಕೋಣೆಯ ತನಕ ಆ ಸಕ್ಕರೆಯನ್ನು ರಂಗೋಲಿ ಎಳೆದ ಹಾಗೆ ಸಣ್ಣಗೆ ಉದುರಿಸುತ್ತ ಹೋದರು. ಅತ್ತೆ ಕಂಡರು. ಬೀಗರ ಮುಂದೆ ಬಾಯಿ ಬಿಡುವಂತಿರಲಿಲ್ಲ, ಸೆರಗನ್ನು ಬಾಯಿಗೆ ತುರುಕಿಕೊಂಡರು.

ಕೆಲವು ಗೊದ್ದಗಳು ತಿರುಗಿದವು. ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬರೀ ಬಾಯಲ್ಲಿದ್ದವು ಸಕ್ಕರೆ ಮುಟ್ಟಿದವು, ಒಂದು ಸಣ್ಣ ಸಾಲೂ ಆಯಿತು. ಮಾವನ ಮೀಸೆಯ ಕೆಳಗೆ ನಗು. ಮಂಡಿಯ ಗಾದಿ, ತಕ್ಕಡಿ, ಅಡಿಕೆಯ ಚೀಲ ಎಲ್ಲ ನನ್ನ ಕಣ್ಣ ಮುಂದೆ ಬಂದು ನಿಂತವು. ಅವರ ಜಾಗದಲ್ಲಿ ಕೂತು, ಬೀಡಿಗೆ ಬೆಂಕಿ ಕೇಳಲು ಬಂದವನ ಮುಂದೆ ಇನ್ನಾರದೋ ಓದನ್ನು ನಾನೂ ಗೇಲಿ ಮಾಡುವ ಕಾಲ ಬರುತ್ತದೆ ಅನಿಸಿತು.

ಆದರೆ ಮರಿ ಕಚ್ಚಿಕೊಂಡವು ಒಂದೂ ತಿರುಗಲಿಲ್ಲ. ಕಂಕುಳಲ್ಲಿ ಕೂಸು ಹೊತ್ತವಳು ಬೆಂಕಿ ಬಿದ್ದ ಮನೆಯಿಂದ ಓಡುವಾಗ ಬತ್ತಾಸಿನ ಅಂಗಡಿಯ ಮುಂದೆ ನಿಲ್ಲುತ್ತಾಳೆಯೇ? ಸಕ್ಕರೆಯ ಗೆರೆಯನ್ನು ತುಳಿದುಕೊಂಡು ದಾಟಿ, ನೇರ ಹೊಸಿಲಿನ ಕಡೆ ನಡೆದವು. ಅವುಗಳ ದಾರಿ ನೋಡುತ್ತ ಬಗ್ಗಿದ ಅಜ್ಜಿಗೆ ಬಿಳಿ ಗೆರೆ ಕಂಡಿತು. ಬೆರಳಲ್ಲಿ ಒತ್ತಿ ನಾಲಿಗೆಗೆ ಇಟ್ಟುಕೊಂಡರು.

"ಇದೇನ್ರಿ ಬೀಗ್ರೆ, ಲಕ್ಷ್ಮಿಗೇ ಲಂಚ ಕೊಡಾಕೆ ಹೊಂಟೀರಿ?"

ಅಯ್ಯನವರೇ ಮೊದಲು ನಕ್ಕರು. ಆ ನಗೆಯ ನಡುವೆ ಕೊರಡಿನಿಂದ ತಾಯಿ ಗೊದ್ದ ಹೊರಬಂತು, ಹೆಬ್ಬೆರಳ ಉಗುರಿನಷ್ಟು ದಪ್ಪ, ಸುತ್ತ ಪರಿವಾರ. ಇದ್ಯಾರು ಇಷ್ಟು ದೊಡ್ಡವಳು ಎಂದು ಅಜ್ಜಿ ಕೇಳಿದರು. ಇವೆಲ್ಲಕ್ಕೂ ತಾಯಿ ಎಂದೆ. ಅದು ಹೊಸಿಲಿನ ಅರಿಶಿನ ಹಚ್ಚಿದ ಪಟ್ಟಿ ಹತ್ತಿ, ಒಂದು ಗಳಿಗೆ ಮೀಸೆ ಆಡಿಸಿ, ಆ ಕಡೆ ಇಳಿಯಿತು.

"ತಾಯೇ ಹೊಂಟ ಮ್ಯಾಲೆ ಮಾತಿಲ್ಲ," ಎಂದು ಅಜ್ಜಿ ಹೋಳಿಗೆ ಕೊಡವಿ ತಿನ್ನತೊಡಗಿದರು.

ಹೊರಡುವಾಗ ಅವರು ನನ್ನನ್ನು ಜಗುಲಿಯ ಹತ್ತಿರ ಕರೆದು, ಎತ್ತ ಹೋಗುತ್ತವೆಂದು ನಿನಗೆ ಗೊತ್ತಿತ್ತು ಅಲ್ಲವೇ ಎಂದು ಕೇಳಿದರು. ಗೊತ್ತಿತ್ತು ಎಂದೆ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತೆಯಲ್ಲ, ಆ ಗುಣ ಸಂಸಾರಕ್ಕೆ ಒಳ್ಳೆಯದು ಎಂದು ಹೇಳಿ ಗಾಡಿ ಹತ್ತಿದರು.

ಬೆಂಗಳೂರಿನ ವರ್ಷಗಳನ್ನು ಹೊಗಳಿಕೊಳ್ಳುವುದಿಲ್ಲ. ಉಚಿತ ಹಾಸ್ಟೆಲಿನ ನೀರು ಸಾರು, ಎರವಲು ಪುಸ್ತಕ. ಇಂಗ್ಲಿಷಿನಲ್ಲಿ ಒಮ್ಮೆ ಬಿದ್ದೆ. ಬಿದ್ದ ಸುದ್ದಿ ನನಗಿಂತ ಮೊದಲೇ ಮಂಡಿ ತಲುಪಿತ್ತಂತೆ. ಮತ್ತೆ ಕಟ್ಟಿದೆ, ಪಾಸಾದೆ. ನಾನು ಇಲ್ಲದ ಅಷ್ಟೂ ಕಾಲ ಅತ್ತೆ ಪರಾತಕ್ಕೆ ನೀರು ತಪ್ಪಿಸಲಿಲ್ಲ. ಬೊಡ್ಡೆಯ ಸಂಸಾರವನ್ನು ಅವರೇ ಒಳಗೆ ತಂದು ಇಟ್ಟುಕೊಂಡಿದ್ದರು. ರಜಕ್ಕೆ ಬಂದಾಗ ಒಮ್ಮೆ ಅವರು ಪೂಜೆ ಮುಗಿಸಿ ಎದ್ದು, ಸೆರಗಿನ ಮರೆಯಲ್ಲಿ ಏನನ್ನೋ ಹಿಡಿದು ಮೂಲೆಗೆ ಹೋದದ್ದನ್ನು ಕಂಡೆ. ಸೆರಗಿನಿಂದ ಒಂದು ಮೀಸೆ ಹೊರಗೆ ಚಾಚಿಕೊಂಡಿತ್ತು. ನಾನು ಕಾಣದವನಂತೆ ಬೇರೆ ಕಡೆ ನೋಡಿದೆ.

ಬಾಡಿಗೆಯ ಗೌನು ತೊಟ್ಟು ಮೈಸೂರಿನಲ್ಲಿ ಡಿಗ್ರಿ ತೆಗೆದುಕೊಂಡು ನೇರ ಚನ್ನಗಿರಿಗೆ ಬಂದೆ. ಮಾವ ಮಂಡಿಯಲ್ಲಿದ್ದರು. ಎಲ್ಲರ ಮುಂದೆ ಆಡಿದ ಮಾತಿಗೆ ಎಲ್ಲರ ಮುಂದೆಯೇ ಉತ್ತರ ಕೊಡಬೇಕೆಂದು ಅಲ್ಲಿಗೇ ಹೋದೆ. ಅವರ ಕೈ ಅಡಿಕೆ ಚೊಗರಿನ ಬಣ್ಣಕ್ಕೆ ಕೆಂಪಾಗಿತ್ತು. ಪಂಚೆಗೆ ಒರೆಸಿಕೊಂಡರು, ಸಾಲದೆಂದು ಎದ್ದು ಹೋಗಿ ತೊಳೆದು ಬಂದರು. ಸರ್ಟಿಫಿಕೇಟನ್ನು ಅವರ ಕೈಗಿಟ್ಟೆ. ಅಡಿಕೆ ನೋಡುವವರಂತೆ ಕಾಗದದ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿದರು, ಬೆಳಕಿಗೆ ಹಿಡಿದರು. ಅಡಿಕೆ ತಂದಿದ್ದ ರೈತರೂ ಕತ್ತು ಚಾಚಿದರು. ಹಾಲಿನ ಮಾತು ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಕಾಗದವನ್ನು ನಿಧಾನವಾಗಿ ಸುತ್ತಿ, ನನ್ನ ಕೈಗೆ ಕೊಡದೆ ತಮ್ಮ ಮಡಿಲಲ್ಲೇ ಇಟ್ಟುಕೊಂಡು, ಮಾವ ಹೇಳಿದರು:

"ಇದನ್ನ ಮರದ ಪೆಟ್ಟಿಗೆಯಾಗೆ ಇಡಬ್ಯಾಡ ಅಳಿಯ. ನಿನ್ನೋರು ಕೊರದಾರು. ತಗಡಿನ ಡಬ್ಬಿ ತರಿಸ್ತೀನಿ."