ಮಲೇಷ್ಯಾದ ಸಾಲಿನಲ್ಲಿ ನಮ್ಮ ಚೀಲ

ಬೆಳಿಗ್ಗೆ ಆರಕ್ಕೆ ಐಮಂಗಲದ ಹೈವೇ ಪಕ್ಕದಲ್ಲಿ ನಿಂತಿದ್ದೆ. ಚಿತ್ರದುರ್ಗದಿಂದ ಅಳಿಯನ ಕಾರು ಬಂದಾಗ ಮುಂದಿನ ಸೀಟಿನಲ್ಲಿ ಅವನ ತಾಯಿ, ಅಂದರೆ ನನ್ನ ಬೀಗಿತ್ತಿ, ಆಗಲೇ ಕುಳಿತಿದ್ದರು. ಹಿಂದಿನ ದಿನವೇ ಹೊಸದುರ್ಗದಿಂದ ಬಂದು ಮಗನ ಮನೆಯಲ್ಲಿ ಉಳಿದಿದ್ದರಂತೆ. ಮುಂದಿನ ಸೀಟು ಹಿಡಿಯಲೆಂದೇ ಬಂದಿದ್ದರು ಎಂದು ನಾನು ಯಾರಿಗೂ ಹೇಳಲಿಲ್ಲ. ಮನಸ್ಸಿನಲ್ಲಿ ಇಟ್ಟುಕೊಂಡೆ.

ಅಳಿಯನದು ಬೋರ್‌ವೆಲ್ ಮೋಟರಿನ ಅಂಗಡಿ. ಹೆಚ್ಚು ಮೋಟರು ಮಾರಿದ ಅಂಗಡಿಯವರಿಗೆ ಕಂಪನಿಯವರು ಮಲೇಷ್ಯಾ ತೋರಿಸುತ್ತಾರೆ. ಗಂಡ ಹೆಂಡತಿಗೆ ಪುಕ್ಕಟೆ, ಮಿಕ್ಕವರದು ಕೈಯಿಂದ. ನನ್ನ ಮಗಳು ಐದು ತಿಂಗಳ ಬಸುರಿ. ಏಳು ವರ್ಷದ ಸಾನ್ವಿಯ ಹಿಂದೆ ಓಡಲು ಒಬ್ಬಳು ಅಜ್ಜಿ ಬೇಕಾಗಿತ್ತು. ಒಬ್ಬಳನ್ನು ಕರೆದರೆ ಇನ್ನೊಬ್ಬಳ ಬಾಯಿ ಮುಚ್ಚಿಸುವವರು ಯಾರು? ಅಳಿಯ ಬುದ್ಧಿವಂತ. ಇಬ್ಬರಿಗೂ ಟಿಕೆಟ್ ಮಾಡಿಸಿದ.

ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ನಾಲ್ಕು ತಾಸು, ಅಲ್ಲಿ ಕಾಯುವುದು ಮೂರು ತಾಸು, ವಿಮಾನದಲ್ಲಿ ನಾಲ್ಕು ತಾಸು. ವಿಮಾನದಲ್ಲಿ ಕೊಟ್ಟ ಉಪ್ಪಿಟ್ಟಿಗೆ ಉಪ್ಪಿರಲಿಲ್ಲ. ನನ್ನ ಚೀಲದಲ್ಲಿ ಶೇಂಗಾ ಚಟ್ನಿಪುಡಿ ಇತ್ತು. ಬೀಗಿತ್ತಿ ಮೊದಲು ಬೇಡ ಅಂದರು, ಆಮೇಲೆ ಡಬ್ಬಿಯನ್ನು ತಮ್ಮ ಕಡೆಗೇ ಇಟ್ಟುಕೊಂಡರು.

ಕೌಲಾಲಂಪುರದಲ್ಲಿ ಇಳಿದ ಕೂಡಲೇ ಬೆವರು ಶುರುವಾಯಿತು. ನಮ್ಮ ಕಡೆಯ ಬಿಸಿಲು ಮೈ ಸುಡುತ್ತದೆ, ಅಲ್ಲಿಯದು ಮೈ ಬೇಯಿಸುತ್ತದೆ. ಮರುದಿನ ಎತ್ತರದ ಜೋಡಿ ಕಟ್ಟಡ ತೋರಿಸಿದರು. ನೋಡಿ ಕತ್ತು ನೋಯಿತು. ಅನ್ನ ಎಲ್ಲ ಕಡೆ ಸಿಕ್ಕಿತು, ಮುದ್ದೆ ಎಲ್ಲೂ ಸಿಗಲಿಲ್ಲ. ರಸ್ತೆ ಚೊಕ್ಕಟವಾಗಿತ್ತು. ಇಷ್ಟು ಸಾಕು, ಏಕೆಂದರೆ ನಾನು ಹೇಳಬೇಕಾದದ್ದು ಮೂರನೆಯ ದಿನದ ಆಟದ ಪಾರ್ಕಿನ ವಿಷಯ.

ಆ ಪಾರ್ಕಿನಲ್ಲಿ ಒಂದು ದೋಣಿ ಉಂಟು. ಗುಡ್ಡದ ಮೇಲಕ್ಕೆ ಏರಿ ಅಲ್ಲಿಂದ ನೀರಿಗೆ ಬೀಳುತ್ತದೆ. ಅಷ್ಟೇ ಅದರ ಕೆಲಸ. ಹೋದ ವರ್ಷ ಹೋಗಿ ಬಂದ ಹೊಳಲ್ಕೆರೆಯ ಅಂಗಡಿಯವನೊಬ್ಬ ಅದರ ವಿಡಿಯೋ ತೋರಿಸಿದ್ದನಂತೆ. ಅಂದಿನಿಂದ ಸಾನ್ವಿಗೆ ದೋಣಿಯದೇ ಧ್ಯಾನ. ದೋಣಿ ಹತ್ತಲು ಇಷ್ಟು ಎತ್ತರ ಇರಬೇಕು ಎಂದು ನಿಯಮ. ಆ ಹುಡುಗಿ ತಿಂಗಳುಗಟ್ಟಲೆ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತು ಪೆನ್ಸಿಲಿನಲ್ಲಿ ಗೆರೆ ಎಳೆಸಿಕೊಂಡಿತ್ತು. ಹಾಲು ಕಂಡರೆ ಓಡುತ್ತಿದ್ದ ಮಗು ಎತ್ತರವಾಗಲೆಂದು ಹಾಲು ಕುಡಿದಿತ್ತು. ಕ್ಲಾಸಿಗೆಲ್ಲ ಹೇಳಿ ಬಂದಿತ್ತು. ಮಕ್ಕಳ ಜೊತೆಗೆ ಒಬ್ಬ ದೊಡ್ಡವರು ಕೂರಬೇಕು. ಬಸುರಿಯರು ಕೂರುವಂತಿಲ್ಲ. ಬೀಗಿತ್ತಿಗೆ ಬಿಪಿ. ಅಳಿಯನಿಗೆ ಅವತ್ತು ಹೋಟೆಲಿನಲ್ಲಿ ಕಂಪನಿಯ ಮೀಟಿಂಗು. ಹಾಗಾಗಿ ಉಳಿದದ್ದು ನಾನೊಬ್ಬಳೇ.

ಬಸ್ಸು ಹತ್ತಕ್ಕೆ ನಮ್ಮನ್ನು ಇಳಿಸಿತು. ಸಂಜೆ ಆರಕ್ಕೆ ಬರುತ್ತೇನೆ, ತಡವಾದರೆ ಕಾಯುವುದಿಲ್ಲ ಅಂದ ಡ್ರೈವರು. ಒಳಗೆ ಹೋಗುತ್ತಲೇ ಒಂದು ಕಿಟಕಿ. ಸಾಲು ತಪ್ಪಿಸಿಕೊಂಡು ಹೋಗುವ ಪಾಸು ಅಲ್ಲಿ ಮಾರುತ್ತಾರೆ. ದೋಣಿಗೆ ನಲವತ್ತು ರಿಂಗಿಟ್, ನಮ್ಮ ಎಂಟುನೂರು ರೂಪಾಯಿ. ಅದೂ ಒಬ್ಬರಿಗೆ, ಒಂದು ಸಲಕ್ಕೆ.

"ಟಿಕೆಟ್ಟಿಗೆ ದುಡ್ಡು ಕೊಟ್ಟು ಒಳಗೆ ಬಂದಿದೀವಿ. ಸಾಲು ತಪ್ಪಿಸಾಕೆ ಮತ್ತೆ ದುಡ್ಡಾ?" ಅಂದೆ. "ಹೋಟ್ಲಾಗೆ ಊಟಕ್ಕೆ ಕೊಟ್ಟ ಮ್ಯಾಲೆ, ತುತ್ತು ಬಾಯಿಗೆ ಇಡಾಕೆ ಬ್ಯಾರೆ ಕೊಡ್ತೀರೇನು?"

"ಕೊಡಾಣ ಬಿಡ್ರಿ ಬೀಗ್ರೆ," ಅಂದರು ಬೀಗಿತ್ತಿ. "ನಿಂತು ನಿಂತೇ ಮಂಡಿ ಸವೆಸೀನಿ. ಇಲ್ಲಿಗೆ ಬಂದೂ ನಿಲ್ಲಬೇಕಾ?"

"ನಿಲ್ಲೋಳು ನಾನು. ನಿಮ್ಮ ಮಂಡಿಗೇನು ಕಷ್ಟ?"

ಮಗಳು ನಡುವೆ ಬಂದಳು. "ಅವ್ವ, ಇಬ್ರೂ ಒಂದು ಮಾತಿಗೆ ಬರ್ರಿ. ತಗೊಳ್ಳೋದಾದ್ರೆ ತಗೊಳ್ತೀನಿ, ಬ್ಯಾಡಂದ್ರೆ ಬಿಡ್ತೀನಿ. ಬಿಸಿಲಾಗೆ ಜಗಳ ಮಾಡ್ಬ್ಯಾಡ್ರಿ."

ಸಾನ್ವಿ ನನ್ನ ಸೆರಗು ಎಳೆದಳು. "ಪಾಸಿಲ್ದೆ ದೋಣಿ ಸಿಗುತ್ತಾ ಅಜ್ಜಿ?"

"ಸಿಗದಿದ್ರೆ ನನಗೆ ಬ್ಯಾರೆ ಹೆಸ್ರಿಡು."

"ಏನಂತ ಇಡ್ಲಿ?"

"ಅದನ್ನ ಆಮ್ಯಾಕೆ ನೋಡಾಣ."

ನಮ್ಮ ಪಕ್ಕದಲ್ಲಿ ಕೊಯಮತ್ತೂರಿನ ಹೆಂಗಸೊಬ್ಬಳು ಎರಡು ಮಕ್ಕಳನ್ನು ಹಿಡಿದುಕೊಂಡು ಪರ್ಸು ಬಿಚ್ಚುತ್ತಿದ್ದಳು. ನನಗೆ ತಮಿಳು ಬರುತ್ತದೆ. ಹಿರಿಯೂರು ಸೀಮೆಯಲ್ಲಿ ತಮಿಳರ ಮನೆಗಳು ಬೇಕಾದಷ್ಟಿವೆ. ನಮ್ಮ ಹೊಲದ ಪಕ್ಕದವರೂ ತಮಿಳರೇ. ಮೂವತ್ತು ವರ್ಷ ಅವರ ಜೊತೆ ಬದುವಿನ ಜಗಳವಾಡಿ ಕಲಿತ ಭಾಷೆ ಅದು. ಹಾಗಾಗಿ ನಾನು ಬುದ್ಧಿ ಹೇಳಿದರೂ ಬೈದ ಹಾಗೆಯೇ ಕೇಳಿಸುತ್ತದೆ. ಎಂಟುನೂರು ರೂಪಾಯಿ ನೀರಿಗೆ ಹಾಕಬೇಡ, ಸಾಲು ಹಿಡಿಯುವ ಉಪಾಯ ನನಗೆ ಗೊತ್ತು ಅಂದೆ. ಅವಳು ಹೆದರಿ ಪರ್ಸು ಮುಚ್ಚಿದಳು.

ಉಪಾಯ ದೊಡ್ಡದೇನಲ್ಲ. ನಮ್ಮೂರಲ್ಲಿ ಫಿಲ್ಟರ್ ನೀರು ಬಿಡುವ ಕಡೆ ಯಾರೂ ನಿಂತು ಕಾಯುವುದಿಲ್ಲ. ಕ್ಯಾನನ್ನು ಸಾಲಿಗೆ ಇಟ್ಟು ಮನೆಗೆ ಹೋಗುತ್ತೇವೆ. ಕಸ ಗುಡಿಸಿ, ಸಾರು ಮಾಡಿ ಬರುವ ಹೊತ್ತಿಗೆ ಸರದಿ ಬಂದಿರುತ್ತದೆ. ಕ್ಯಾನು ಅಲ್ಲಿದ್ದರೆ ನಾನು ಅಲ್ಲಿದ್ದ ಹಾಗೆ. ಇದರಲ್ಲಿ ಯಾರಿಗೂ ತಕರಾರಿಲ್ಲ.

ದೋಣಿಯ ಬಾಗಿಲಿನಲ್ಲಿ ಸಾನ್ವಿಯನ್ನು ಒಂದು ಹಲಗೆಯ ಕೆಳಗೆ ನಿಲ್ಲಿಸಿದರು. ಮಗಳು ಅವಳಿಗೆ ನಡುನೆತ್ತಿಯ ಮೇಲೆ ಜುಟ್ಟು ಕಟ್ಟಿದ್ದಳು. ಅಲ್ಲಿಯ ಹುಡುಗಿ ನಗುತ್ತ ಜುಟ್ಟನ್ನು ಅಂಗೈಯಿಂದ ಒತ್ತಿ ನೋಡಿದಳು. ಒತ್ತಿದರೂ ತಲೆ ಹಲಗೆಗೆ ತಾಗಿತು. ಹಾಲು ಕೆಲಸ ಮಾಡಿತ್ತು. ಸಾಲು ಎಪ್ಪತ್ತು ನಿಮಿಷದ್ದು ಎಂದು ಪಕ್ಕದ ಇನ್ನೊಂದು ಹಲಗೆಯಲ್ಲಿ ಬರೆದಿತ್ತು. ನಾನು ಬೀಗಿತ್ತಿಯ ಕೊಡೆ ಇಸಿದುಕೊಂಡು ಸಾಲಿನ ಕೊನೆಯಲ್ಲಿ ನೆಲಕ್ಕಿಟ್ಟೆ. ನನ್ನ ಹಿಂದೆ ನಿಂತ ಚೀನಿಯವನಿಗೆ ಕೊಡೆ ತೋರಿಸಿ, ನನ್ನ ಎದೆ ಮುಟ್ಟಿ ತೋರಿಸಿದೆ. ಅವನು ತಲೆಯಾಡಿಸಿದ. ಅರ್ಥವಾಯಿತು ಅಂದುಕೊಂಡು ಹೊರಟೆವು.

ಮಗುವನ್ನು ಮರದ ಕುದುರೆಯ ಮೇಲೆ ಕೂರಿಸಿದೆವು. ನೆರಳಿನಲ್ಲಿ ಕುಳಿತೆವು. ಬೀಗಿತ್ತಿಯೂ ಮಗಳೂ ನೀರು ತರುತ್ತೇವೆ ಅಂತ ಹೋಗಿ ಬಹಳ ಹೊತ್ತಿನ ಮೇಲೆ ಬಂದರು. ನೀರಿನ ಅಂಗಡಿ ಎದುರಿಗೇ ಇತ್ತು. ಆಗ ನನಗೆ ಅನುಮಾನ ಬರಲಿಲ್ಲ.

ಹೊತ್ತು ನೋಡಿಕೊಂಡು ದೋಣಿಯ ಕಡೆ ಹೋದರೆ ಕೊಡೆ ಇಟ್ಟಲ್ಲೇ ಇತ್ತು. ಚೀನಿಯವನು ಒದ್ದೆಯಾಗಿ, ದೋಣಿ ಆಡಿ ಮುಗಿಸಿ, ಹೊರಗೆ ಐಸ್‌ಕ್ರೀಂ ತಿನ್ನುತ್ತಿದ್ದ. ಕೊಡೆಯನ್ನು ಯಾರೂ ಮುಟ್ಟಿರಲಿಲ್ಲ, ಕದ್ದಿರಲೂ ಇಲ್ಲ. ಜನ ಅದನ್ನು ದಾಟಿಕೊಂಡು ಹೋಗುತ್ತಿದ್ದರು.

"ಕೊಡೆ ಸಣ್ಣದಾತು, ಕಣ್ಣಿಗೆ ಬಿದ್ದಿಲ್ಲ," ಅಂದೆ.

"ಹೌದೌದು," ಅಂದರು ಬೀಗಿತ್ತಿ. "ಮಂಚ ತಂದಿದ್ರೆ ಸರಿಹೋಗೋದು."

ಬಟ್ಟೆಯ ದೊಡ್ಡ ಚೀಲವನ್ನು ಸಾಲಿಗಿಟ್ಟೆ. ಅದರೊಳಗೆ ಮಗುವಿನ ಒಣ ಬಟ್ಟೆ, ಟವೆಲ್ಲು, ಚಟ್ನಿಪುಡಿ ಡಬ್ಬಿ ಇದ್ದವು. ಎಲ್ಲರಿಗೂ ಕಾಣುವ ಚೀಲ. ಊಟಕ್ಕೆ ಹೋದೆವು. ಅನ್ನ, ಹುರಿದ ತರಕಾರಿ, ಖಾರವಿಲ್ಲದ ಸಾರು. ಚಟ್ನಿಪುಡಿ ಸಾಲಿನಲ್ಲಿ ನಿಂತಿದ್ದರಿಂದ ಹಾಗೇ ನುಂಗಿದೆವು.

ಮರಳಿ ಬಂದಾಗ ಚೀಲದ ಸುತ್ತ ಹಗ್ಗ ಕಟ್ಟಿದ್ದರು. ನಾಲ್ಕು ಜನ ಕಾವಲಿನವರು ಹಾವು ಕಂಡವರ ಹಾಗೆ ದೂರ ನಿಂತು ವೈರ್‌ಲೆಸ್ಸಿನಲ್ಲಿ ಮಾತಾಡುತ್ತಿದ್ದರು. ಸಾಲನ್ನೇ ಇನ್ನೊಂದು ಕಡೆಗೆ ತಿರುಗಿಸಿದ್ದರು. ಬಿಡ್ರಿ, ಅದು ನಂದು ಅಂತ ನುಗ್ಗಿದೆ. ಅವರಲ್ಲೊಬ್ಬ ನಮ್ಮ ಕಡೆಯವನ ಹಾಗೆ ಕಂಡ. ಅಲ್ಲಿಯೇ ಹುಟ್ಟಿ ಬೆಳೆದ ತಮಿಳನಂತೆ.

"ಅಮ್ಮಾ, ಚೀಲ ಹೀಗೆ ಬಿಟ್ಟು ಹೋಗಬಾರದು," ಎಂದು ತಮಿಳಿನಲ್ಲಿ ಹೇಳಿದ.

"ಬಿಟ್ಟು ಹೋಗಿಲ್ಲ. ಸಾಲಿಗೆ ಇಟ್ಟು ಹೋಗಿದ್ದೆ," ಎಂದು ನಾನೂ ತಮಿಳಿನಲ್ಲೇ ಅಂದೆ.

"ದೋಣಿಯಲ್ಲಿ ಕೂರುವುದು ನೀವೋ, ಚೀಲವೋ?"

ಬೀಗಿತ್ತಿಗೆ ತಮಿಳು ಬರುವುದಿಲ್ಲ, ಆದರೂ ನಕ್ಕರು. ಅವನು ಚೀಲ ಬಿಚ್ಚಿಸಿ ಒಂದೊಂದೇ ಸಾಮಾನು ಹೊರಗೆ ತೆಗೆಸಿದ. ಡಬ್ಬಿಯ ಕೆಂಪು ಪುಡಿ ನೋಡಿ ಉಳಿದವರು ಮತ್ತೆ ಹಿಂದೆ ಸರಿದರು. ನಾನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಬೇಕಾಯಿತು. ಅವನೂ ಒಂದು ಚಿಟಿಕೆ ತಿಂದ. ಆಮೇಲೆ ಇನ್ನೊಂದು ಚಿಟಿಕೆ ತಿಂದ. ಚೀಲ ಕೊಟ್ಟು, ಹೋಗಿ ಸಾಲಿನ ಕೊನೆಯಲ್ಲಿ ನೀವೇ ನಿಲ್ಲಿ ಅಂದ.

ನಿಂತೆ. ಸಾನ್ವಿಯ ಕೈ ಹಿಡಿದು ಒಂದು ತಾಸು ನಿಂತೆ. ಎದುರಿಗೆ ಹತ್ತು ಹದಿನೈದು ಜನ ಉಳಿದಿರುವಾಗ ಗುಡುಗಿತು. ಆ ಊರಲ್ಲಿ ಮಧ್ಯಾಹ್ನದ ಮಳೆಗೆ ಹೇಳುವುದು ಕೇಳುವುದು ಇಲ್ಲ, ಸುರಿಯುತ್ತದೆ. ಸಿಡಿಲಿದ್ದರೆ ದೋಣಿ ಬಿಡುವುದಿಲ್ಲವಂತೆ. ಎಲ್ಲರನ್ನೂ ಹೊರಗೆ ಕಳಿಸಿದರು. ಮಳೆ ನಿಂತು ಮತ್ತೆ ತೆರೆದಾಗ ಐದು ಗಂಟೆ. ಅಷ್ಟರಲ್ಲಿ ಜನ ಮುಗಿಬಿದ್ದಿದ್ದರು. ಹಲಗೆಯಲ್ಲಿ ತೊಂಬತ್ತು ನಿಮಿಷ ಅಂತ ಬಂತು. ಬಸ್ಸು ಆರಕ್ಕೆ.

ಸಾನ್ವಿ ಅಳಲಿಲ್ಲ. ಅತ್ತಿದ್ದರೆ ಗದರಿಸಬಹುದಿತ್ತು. ಸುಮ್ಮನೆ ಕಲ್ಲುಕಟ್ಟೆಯ ಮೇಲೆ ಕುಳಿತು ಕಾಲಾಡಿಸುತ್ತಿತ್ತು.

"ಏನು ಯೋಚ್ನೆ ಮಾಡ್ತಿದ್ದೀಯೇ?" ಅಂದೆ.

"ನಿಂಗೆ ಏನಂತ ಹೆಸ್ರಿಡ್ಲಿ ಅಂತ."

ಪಾಸಿನ ಕಿಟಕಿಯ ಕಡೆ ನೋಡಿದೆ. ಬಾಗಿಲು ಹಾಕಿತ್ತು. ಅವತ್ತಿನ ಪಾಸು ಮುಗಿದವು ಅಂದಳು ಮಗಳು.

ಆಗ ಬೀಗಿತ್ತಿ ಸೊಂಟಕ್ಕೆ ಸಿಕ್ಕಿಸಿದ್ದ ಎಲೆಅಡಿಕೆ ಚೀಲ ಬಿಚ್ಚಿ, ಮಡಚಿದ ಎರಡು ಚೀಟಿ ತೆಗೆದು ನನ್ನ ಕೈಗಿಟ್ಟರು. ಸುಣ್ಣ ಮೆತ್ತಿತ್ತು. ಪಾಸು.

"ಯಾವಾಗ ತಗೊಂಡ್ರಿ?"

"ನೀವು ಕುದುರೆ ಹತ್ರ ಕುಂತಿದ್ರಲ್ಲ, ಆವಾಗ."

"ಬೆಳಿಗ್ಗೆಯಿಂದ ಇಟ್ಕಂಡು ಸುಮ್ನಿದ್ರಾ?"

"ನಿಮ್ಮ ಚೀಲ ಗೆದ್ದಿದ್ರೆ ಇದನ್ನ ಹೊರಗೆ ತೆಗೀತಿರ್ಲಿಲ್ಲ. ಊರಾಗೆ ನಿಮ್ಮ ಮರ್ಯಾದೆ ಉಳೀತಿತ್ತು. ಏಳ್ರಿ, ಹೊತ್ತಾಗುತ್ತೆ."

ಹರಿದು ಹಾಕುವ ಮನಸ್ಸಾಯಿತು. ಮಗುವಿನ ಮುಖ ನೋಡಿದೆ. ಎದ್ದೆ.

ಪಾಸಿನವರ ದಾರಿ ಸಾಲಿನ ಪಕ್ಕದಲ್ಲೇ ಹೋಗುತ್ತದೆ. ಅದನ್ನು ಬೇಕೆಂದೇ ಹಾಗೆ ಮಾಡಿದ್ದಾರೆ ಎಂದು ನನಗೆ ಈಗಲೂ ಅನಿಸುತ್ತದೆ. ನಿಂತವರು ಹೋಗುವವರನ್ನು ನೋಡಬೇಕು, ಹೋಗುವವರು ನಿಂತವರನ್ನು ನೋಡಬೇಕು. ಅರ್ಧ ದಾರಿಯಲ್ಲಿ ಕೊಯಮತ್ತೂರಿನವಳು ಕಂಡಳು. ಮಳೆಯಲ್ಲಿ ನೆನೆದು, ಒಂದು ಮಗುವನ್ನು ಎತ್ತಿಕೊಂಡು, ಇನ್ನೊಂದನ್ನು ಕಾಲಿಗೆ ಒರಗಿಸಿಕೊಂಡು ನಿಂತಿದ್ದಳು. ನಾನು ಸೆರಗು ಮುಖಕ್ಕೆ ಎಳೆದುಕೊಂಡೆ. ಆದರೆ ಮುಖ ಮುಚ್ಚಿದರೆ ಬೆಳಿಗ್ಗೆ ಅವಳು ನೋಡಿದ್ದ ನನ್ನ ಹಸಿರು ಸೀರೆ ಮುಚ್ಚುತ್ತದೆಯೇ?

"ಅಮ್ಮಾ," ಅಂದಳು. "ಎಂಟುನೂರು ರೂಪಾಯಿ?"

"ನನ್ನದಲ್ಲ, ಬೀಗಿತ್ತಿಯದು," ಅಂದೆ. ಅದು ಉತ್ತರವಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ತಪ್ಪಾಯಿತು ಅನ್ನಬೇಕೆಂದುಕೊಂಡೆ. ಅದಕ್ಕೆ ತಮಿಳಿನಲ್ಲಿ ಏನನ್ನುತ್ತಾರೆ ಎಂದು ಹೊಳೆಯಲಿಲ್ಲ. ಮೂವತ್ತು ವರ್ಷದಲ್ಲಿ ಆ ಬದುವಿನ ಮೇಲೆ ಆ ಮಾತನ್ನು ಅವರೂ ಆಡಿರಲಿಲ್ಲ, ನಾನೂ ಆಡಿರಲಿಲ್ಲ. ಚೀಲದಿಂದ ಟವೆಲ್ಲು ತೆಗೆದು ಅವಳ ಮಗುವಿನ ತಲೆಯ ಮೇಲೆ ಹಾಕಿ ಮುಂದೆ ನಡೆದೆ.

ದೋಣಿಯಲ್ಲಿ ಕುಳಿತ ಮೇಲೆ ಹಲ್ಲಿನ ಸೆಟ್ಟು ತೆಗೆದು ಸೆರಗಿನ ತುದಿಗೆ ಗಂಟು ಹಾಕಿದೆ. ದೋಣಿ ಕಟಕಟ ಅನ್ನುತ್ತ ಏರಿತು. ಮೇಲಿಂದ ಇಡೀ ಊರು ಕಂಡಿತು, ನಮ್ಮ ಬಸ್ಸೂ ಕಂಡಿತು. ಆಮೇಲೆ ಏನೂ ಕಾಣಲಿಲ್ಲ. ಹೊಟ್ಟೆ ಮೇಲೆ ಉಳಿಯಿತು, ನಾನು ಕೆಳಗೆ ಬಂದೆ. ಬಾಯಲ್ಲಿ ಇಟ್ಟ ಬೆಲ್ಲ ಕರಗುವ ಮೊದಲೇ ಮುಗಿದುಹೋಯಿತು. ಬೆಳಗಿನಿಂದ ಸಂಜೆಯವರೆಗೆ ಮಾಡಿದ ಜಗಳಕ್ಕೆ ಇದು ಬಹಳ ಕಡಿಮೆ ಅನಿಸಿತು.

"ಅಜ್ಜಿ, ಇನ್ನೊಂದ್ಸಲ," ಅಂದಳು ಸಾನ್ವಿ. ಮೂಗಿನಿಂದ ನೀರು ಸುರಿಯುತ್ತಿತ್ತು.

"ಪಾಸು ಒಂದೇ ಸಲಕ್ಕೆ."

"ಹೋಗ್ಲಿ, ದೋಣಿ ಸಿಕ್ತಲ್ಲ. ನಿನ್ನ ಹೆಸ್ರು ಹಳೇದೇ ಇರ್ಲಿ."

ದೋಣಿ ಬೀಳುವಾಗ ಅಲ್ಲಿ ಫೋಟೋ ತೆಗೆಯುತ್ತಾರೆ. ಅದಕ್ಕೂ ಬೇರೆ ದುಡ್ಡು. ಅದರಲ್ಲಿ ಮಗು ಎರಡೂ ಕೈ ಎತ್ತಿತ್ತು. ನಾನು ಹಲ್ಲಿಲ್ಲದ ಬಾಯಿ ತೆರೆದುಕೊಂಡು ಯಾರನ್ನೋ ಬೈಯುವವಳ ಹಾಗೆ ಇದ್ದೆ. ಬೀಗಿತ್ತಿ ಚೌಕಾಸಿ ಮಾಡದೆ ಕೊಂಡರು. ಈಗ ಅದು ಹೊಸದುರ್ಗದ ಅವರ ಮನೆಯ ಷೋಕೇಸಿನಲ್ಲಿದೆ. ಬಂದವರಿಗೆಲ್ಲ ಕಾಫಿಗೆ ಮೊದಲು ಅದನ್ನೇ ತೋರಿಸುತ್ತಾರಂತೆ.

ವಾಪಸ್ಸು ಬರುವಾಗ ಬೆಂಗಳೂರಿನಿಂದ ಮುಂದಿನ ಸೀಟನ್ನು ಅವರೇ ನನಗೆ ಬಿಟ್ಟರು. ಐಮಂಗಲದಲ್ಲಿ ಇಳಿದಾಗ ಚಟ್ನಿಪುಡಿ ಡಬ್ಬಿಯನ್ನು ಅವರಿಗೇ ಕೊಟ್ಟೆ.

ಮಾರನೇ ದಿನ ಬೆಳಿಗ್ಗೆ ನೀರಿಗೆ ಹೋಗಿ, ಕ್ಯಾನನ್ನು ಸಾಲಿನ ಕೊನೆಗೆ ಇಟ್ಟು ಮನೆಗೆ ಬಂದೆ. ಅಂಗಳ ಗುಡಿಸಿ, ಟೀ ಕುಡಿದು ಮತ್ತೆ ಹೋದಾಗ ನನ್ನ ಕ್ಯಾನು ಮುಂದಕ್ಕೆ ಬಂದು ನಲ್ಲಿಯ ಕೆಳಗೇ ನಿಂತಿತ್ತು. ಪಕ್ಕದ ಮನೆಯ ಗಂಗಮ್ಮ ತನ್ನ ಕ್ಯಾನಿನ ಜೊತೆ ಅದನ್ನೂ ಕಾಲಿನಿಂದ ತಳ್ಳಿಕೊಂಡು ಬಂದಿದ್ದಳು.

"ಹೆಂಗಿತ್ತಕ್ಕ ಫಾರಿನ್ನು?" ಅಂದಳು.

"ಊರು ಚೆನ್ನಾಗೈತೆ ಕಣೆ," ಅಂದೆ. "ಕ್ಯಾನು ತಳ್ಳೋರಿಲ್ಲ."