ನಾವಿಕ ಇಡದ ಚುಕ್ಕಿ

ಸಮುದ್ರ ನಮ್ಮ ಮನೆಯಿಂದ ಕೂಗಳತೆಯಲ್ಲಿತ್ತು. ಆದರೂ ಅದರ ಆಳದ ಬಗ್ಗೆ ನಾನು ಯೋಚಿಸಿದ್ದು ಅರವತ್ತರ ದಶಕದಲ್ಲಿ, ಮದರಾಸು ಬಂದರಿನ ಹತ್ತಿರ ನಕ್ಷೆ ನಕಲು ಮಾಡುವ ಒಂದು ಸಣ್ಣ ಆಫೀಸಿಗೆ ಸೇರಿದ ಮೇಲೆ. ನಾನು ಕೆಲಸಕ್ಕೆ ಹೋಗುವುದು ಅಪ್ಪನಿಗೆ ಸುತರಾಂ ಇಷ್ಟವಿರಲಿಲ್ಲ. "ಆರು ತಿಂಗಳಲ್ಲಿ ಪರ್ಮನೆಂಟ್ ಮಾಡಿದ್ರೆ ಸರಿ. ಇಲ್ಲಾಂದ್ರೆ ಆಫೀಸೂ ಬೇಡ, ಗೀಫೀಸೂ ಬೇಡ" ಎಂದಿದ್ದರು. ನಾನೂ ಹಟಕ್ಕೆ ಬಿದ್ದು ಒಪ್ಪಿಕೊಂಡಿದ್ದೆ.

ಆರನೆಯ ತಿಂಗಳಲ್ಲಿ ನನ್ನ ಮೇಜಿಗೆ ಒಂದು ಹಳೇ ಕಾಲದ ಕಡಲ ನಕ್ಷೆ ಬಂತು. ಮುಟ್ಟಿದರೆ ಪುಡಿಯಾಗುವ ಹಾಗಿತ್ತು. ಪೂರ್ತಿ ಹಾಳಾಗುವ ಮೊದಲು ಅದನ್ನು ಟ್ರೇಸಿಂಗ್ ಬಟ್ಟೆಯ ಮೇಲೆ ಇಳಿಸಬೇಕಿತ್ತು. ಯಾರೋ ಬಿಳಿಯ ನಾವಿಕ ಸಣ್ಣ ದೋಣಿಯಲ್ಲಿ ನಮ್ಮ ಕರಾವಳಿಯುದ್ದಕ್ಕೂ ಹೋಗಿ, ಸೀಸದ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು, ಅಳೆದ ಕಡೆಯೆಲ್ಲ ಒಂದು ಚುಕ್ಕಿ ಇಟ್ಟು, ಪಕ್ಕದಲ್ಲಿ ಆಳ ಎಷ್ಟು ಮಾರು ಎಂದು ಅಂಕಿ ಬರೆದಿದ್ದ. ಸಾಲುಸಾಲು ಚುಕ್ಕಿ ನೋಡಿ ನನಗೆ ನಗು ಬಂತು. ದಿನಾ ಬೆಳಿಗ್ಗೆ ಬಾಗಿಲ ಮುಂದೆ ನಾನು ಇಡುತ್ತಿದ್ದುದೂ ಅದನ್ನೇ.

ರಂಗೋಲಿಯ ಹಾಗೆಯೇ ಮೊದಲು ಚುಕ್ಕಿಗಳನ್ನೆಲ್ಲ ಇಟ್ಟು ಮುಗಿಸಿದೆ. ಆಮೇಲೆ ಅಂಕಿ ಬರೆಯುತ್ತ ಬಂದರೆ ಒಂದು ಚುಕ್ಕಿಗೆ ಅಂಕಿಯೇ ಇಲ್ಲ! ಮೂಲದಲ್ಲಿ ನೋಡಿದೆ, ಅಲ್ಲಿ ಚುಕ್ಕಿಯೂ ಇಲ್ಲ. ರಂಗೋಲಿಯ ಸಾಲಿನಲ್ಲಿ ಒಂದು ಚುಕ್ಕಿ ತಪ್ಪಿದರೂ ಅಮ್ಮ ಚುಕ್ಕಿಗೆ ಮದರಾಸಿನ ತಮಿಳು ಮಾತನ್ನೇ ಬಳಸಿ "ಪುಳ್ಳಿ ಬಿಟ್ಟಿದ್ದೀಯ, ನೋಡೇ" ಎಂದು ಕೂಗುತ್ತಿದ್ದಳು. ಆ ಅಭ್ಯಾಸದ ಕೈ ನನ್ನನ್ನು ಕೇಳದೆ ಖಾಲಿ ಜಾಗ ತುಂಬಿಬಿಟ್ಟಿತ್ತು.

ಎಡಕ್ಕೆ ಏಳು ಮಾರು, ಬಲಕ್ಕೂ ಏಳು. ನಡುವೆ ಇನ್ನೊಂದು ಏಳು ಬರೆದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಬ್ಲೇಡಿನಿಂದ ಕೆರೆದರೆ ಬಟ್ಟೆಯ ಮೇಲೆ ಗುರುತು ಉಳಿಯುತ್ತಿತ್ತು, ಕೆಲಸವೂ ಹೋಗಬಹುದಿತ್ತು. ಪೆನ್ನನ್ನು ಮಸಿಗೆ ಅದ್ದಿಯೂ ಆಯಿತು. ಆದರೆ ಆ ಪುಣ್ಯಾತ್ಮ ಬಿಸಿಲಲ್ಲಿ ಬೆಂದು ಅಳೆದದ್ದಕ್ಕೆ ನಾನು ಫ್ಯಾನಿನ ಕೆಳಗೆ ಕೂತು ಸುಳ್ಳು ಸೇರಿಸುವುದೇ ಎಂದು ನಾಚಿಕೆಯಾಯಿತು. ಎದ್ದು ಹೋಗಿ, ಆಫೀಸಿನ ಮುಖ್ಯಸ್ಥರಾದ ತಮಿಳು ಹಿರಿಯರಿಗೆ ಹೇಳಿಬಿಟ್ಟೆ.

ಅವರು ಬೈಯಲಿಲ್ಲ. ಭೂತಗನ್ನಡಿ ಹಿಡಿದು ಹಳೆಯ ನಕ್ಷೆಯ ಅಂಚನ್ನು ತೋರಿಸಿದರು. ಅಲೆಯ ಅಬ್ಬರಕ್ಕೆ ಆ ಒಂದು ಕಡೆ ಅಳೆಯಲಾಗಲಿಲ್ಲವೆಂದು ನಾವಿಕನೇ ಅಲ್ಲಿ ಸಣ್ಣಕ್ಷರದಲ್ಲಿ ಒಪ್ಪಿಕೊಂಡಿದ್ದ. "ಪರವಾಯಿಲ್ಲಮ್ಮಾ" ಎಂದು ಬ್ಲೇಡನ್ನು ನನ್ನ ಕೈಗೇ ಕೊಟ್ಟರು.

ತಿಂಗಳ ಕೊನೆಗೆ ಕೆಲಸ ಖಾಯಂ ಆದ ಕಾಗದ ಬಂತು. ಅಪ್ಪ ಅದನ್ನು ಎರಡು ಸಲ ಓದಿ, ನಡೆದದ್ದನ್ನೆಲ್ಲ ಕೇಳಿಸಿಕೊಂಡು, "ಏಳು ಅಂತ ಬರ್ದಿದ್ರೆ ಯಾರಿಗೆ ತಿಳೀತಿತ್ತು?" ಎಂದರು.

"ನಂಗೆ ತಿಳೀತಿತ್ತಪ್ಪ."

ಮರುದಿನ ಬೆಳಿಗ್ಗೆ ನಾನು ರಂಗೋಲಿಗೆ ಚುಕ್ಕಿ ಇಡುತ್ತಿದ್ದಾಗ ಅಪ್ಪ ಒಳಗಿನಿಂದ ತಮ್ಮ ಛತ್ರಿ ತಂದು ಬಾಗಿಲಿಗೆ ಒರಗಿಸಿದರು.

"ಬಿಸಿಲು ಜಾಸ್ತಿ. ಆಫೀಸಿಗೆ ಇದನ್ನ ತಗೊಂಡ್ಹೋಗು."

ಈ ಸಲ ಗೀಫೀಸು ಸೇರಿಸಲಿಲ್ಲ.